ನಿಮ್ಮ ಕೈಯಲ್ಲಿರುವ ಇಪ್ಪತ್ತು ಅಂಕಗಳು
ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಪ್ರೌಢಶಾಲಾ ಶಿಕ್ಷಕರಿಗೊಂದು ಬಹಿರಂಗ ಪತ್ರ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಗುರುಗಳೇ, ಗುರುಮಾತೆಯರೇ,



ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ ಇಪ್ಪತ್ತೈದು, ಉಳಿದ ಐದು ವಿಷಯಗಳಿಗೆ ತಲಾ ಇಪ್ಪತ್ತು ಆಂತರಿಕ ಅಂಕಗಳಿವೆ. ಕೂಡಿಸಿದರೆ 625ರಲ್ಲಿ 125. ಐದರಲ್ಲಿ ಒಂದು ಪಾಲು. ಇದನ್ನು ಬೆಂಗಳೂರಿನ ಮಂಡಳಿ ಕೊಡುವುದಿಲ್ಲ, ನೀವು ಕೊಡುತ್ತೀರಿ. ಹೇಗೆ ಕೊಡುತ್ತೀರಿ ಎಂಬುದು ಊರಿಗೆಲ್ಲ ಗೊತ್ತಿರುವ ಗುಟ್ಟು. ಝೆರಾಕ್ಸ್ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಪ್ರಾಜೆಕ್ಟ್, ಅಕ್ಕ ಬರೆದದ್ದನ್ನೇ ತಂಗಿ ಮತ್ತೆ ಬರೆದ ಚಟುವಟಿಕೆ ಪುಸ್ತಕ, ತಪಾಸಣೆಗೆ ಬಂದವರಿಗೆ ತೋರಿಸಲು ಒಂದು ಫೈಲು. ಬುದ್ಧಿವಂತನಿಗೆ ಇಪ್ಪತ್ತು, ಬಾರದವನಿಗೆ ಹದಿನೆಂಟು, ಶಾಲೆಗೇ ಬಾರದವನಿಗೂ ಹದಿನೇಳು.

ನಿಮ್ಮನ್ನು ಬೈಯಲು ಈ ಪತ್ರ ಬರೆಯುತ್ತಿಲ್ಲ. ಎಲ್ಲರೂ ತುಂಬಿ ಕೊಡುವಾಗ ನೀವೊಬ್ಬರೇ ಕೈ ಬಿಗಿ ಹಿಡಿದರೆ ನಿಮ್ಮ ಮಗುವಿಗೇ ಅನ್ಯಾಯ. ಆದರೆ 2025-26ರಿಂದ ಉತ್ತೀರ್ಣದ ಲೆಕ್ಕ ಬದಲಾಗಿದೆ: ಒಟ್ಟಾರೆ ಶೇ. 33, ವಿಷಯವೊಂದರಲ್ಲಿ ಕನಿಷ್ಠ ಶೇ. 30, ಅದೂ ಆಂತರಿಕ ಅಂಕ ಸೇರಿಸಿ. ಅಂದರೆ ನೂರು ಅಂಕದ ವಿಷಯದಲ್ಲಿ ನಿಮ್ಮ ಇಪ್ಪತ್ತು ಸಿಕ್ಕರೆ ಲಿಖಿತ ಪರೀಕ್ಷೆಯಿಂದ ಬೇಕಾದದ್ದು ಹತ್ತೇ ಅಂಕ. ಆಂತರಿಕ ಅಂಕಕ್ಕೆ ಇಷ್ಟು ತೂಕ ಹಿಂದೆಂದೂ ಇರಲಿಲ್ಲ, ಅದರ ಬೆಲೆಯೂ ಇಷ್ಟು ಇಳಿದಿರಲಿಲ್ಲ. ಇದಕ್ಕೆ ಜೀವ ತುಂಬುವ ಒಂದು ದಾರಿ ದೂರದ ಒಂದು ಪರೀಕ್ಷೆಯಲ್ಲಿ ಕಂಡಿತು. ಆ ಪರೀಕ್ಷೆಯ ಬಗ್ಗೆ ನನಗೆ ತಕರಾರುಗಳೂ ಇವೆ. ಎರಡನ್ನೂ ನಿಮ್ಮ ಮುಂದೆ ಇಡುತ್ತೇನೆ.

ಒಇಸಿಡಿ ಎಂಬುದು ಬಹುಪಾಲು ಸಿರಿವಂತ ದೇಶಗಳ ಕೂಟ. ಅದು 2000ದಿಂದ ಹದಿನೈದು ವರ್ಷದ ಮಕ್ಕಳಿಗೆ ಪೀಸಾ ಎಂಬ ಪರೀಕ್ಷೆ ನಡೆಸುತ್ತಿದೆ. ಓದು, ಗಣಿತ, ವಿಜ್ಞಾನ ಅದರ ಮೂರು ಕಾಲುಗಳು. 2022ರ ಸುತ್ತಿನಲ್ಲಿ ಮೊದಲ ಬಾರಿಗೆ ಸೃಜನಶೀಲ ಚಿಂತನೆಯನ್ನೂ ಅಳೆದರು. 64 ದೇಶ ಮತ್ತು ಪ್ರಾಂತಗಳ ಮಕ್ಕಳು ಆ ಭಾಗ ಬರೆದರು. ಫಲಿತಾಂಶ ಬಂದದ್ದು 2024ರ ಜೂನ್‌ನಲ್ಲಿ. 60 ಅಂಕಕ್ಕೆ ಸಿಂಗಾಪುರದ ಸರಾಸರಿ 41. ಅದೇ ಮೊದಲ ಸ್ಥಾನ. ದಕ್ಷಿಣ ಕೊರಿಯಾ, ಕೆನಡಾ 38. ಒಇಸಿಡಿ ದೇಶಗಳ ಸರಾಸರಿ 33. ಅಮೆರಿಕ, ಇಂಗ್ಲೆಂಡ್ ಈ ಭಾಗದ ಗೊಡವೆಗೇ ಹೋಗಲಿಲ್ಲ.

ಭಾರತ ಇಡೀ ಪರೀಕ್ಷೆಯಲ್ಲೇ ಇರಲಿಲ್ಲ. ಹಿಂದೊಮ್ಮೆ, 2009ರ ಸುತ್ತಿನ ಮುಂದುವರಿಕೆಯಾಗಿ ತಮಿಳುನಾಡು ಮತ್ತು ಹಿಮಾಚಲ ಪ್ರದೇಶದ ಮಕ್ಕಳು ಅದನ್ನು ಬರೆದಿದ್ದರು. 74ರಲ್ಲಿ 72 ಮತ್ತು 73ನೇ ಸ್ಥಾನ ಬಂತು. ಪ್ರಶ್ನೆಗಳು ನಮ್ಮ ಮಕ್ಕಳ ಬದುಕಿಗೆ ಹೊಂದುವಂಥವಲ್ಲ ಎಂದು ದೆಹಲಿ ದೂರಿತು, ಮುಂದಿನ ಸುತ್ತುಗಳಿಂದ ಹಿಂದೆ ಸರಿಯಿತು. 2019ರಲ್ಲಿ ಮತ್ತೆ ಒಪ್ಪಂದವಾಗಿ ಚಂಡೀಗಢದ ಶಾಲೆಗಳು, ಕೇಂದ್ರೀಯ ವಿದ್ಯಾಲಯಗಳು, ನವೋದಯ ಶಾಲೆಗಳು ಬರೆಯಬೇಕೆಂದು ನಿಗದಿಯಾಯಿತು. ಚಿಕ್ಕೋಡಿ ತಾಲೂಕಿನ ಕೋಥಳಿಯಲ್ಲೂ ಒಂದು ನವೋದಯ ಇದೆಯಲ್ಲ, ಅಂಥ ಶಾಲೆಗಳು. ಕೊರೊನಾ ಬಂತು, ಪರೀಕ್ಷೆ ಒಂದು ವರ್ಷ ಮುಂದೆ ಹೋಯಿತು, ನಮ್ಮವರು ಬರೆಯಲಿಲ್ಲ.

ಸ್ಥಾನಗಳ ಮಾತು ಇಷ್ಟು ಸಾಕು. ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಪತ್ರಿಕೆ ಬಿಡಿಸಿ ‘ಚಿಕ್ಕೋಡಿ ಈ ಸಲ ಎಷ್ಟನೇದು?’ ಎಂದು ಹುಡುಕಿ ಸುಸ್ತಾದವರು ನೀವು. ಜಗತ್ತಿನ ಪಟ್ಟಿ ತಂದು ನಿಮ್ಮ ತಲೆಯ ಮೇಲೆ ಇಡುವುದಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅಲ್ಲಿಯ ಪ್ರಶ್ನೆಗಳ ಬಗೆ ಮತ್ತು ಅಂಕ ಕೊಡುವ ಕ್ರಮ.

ಮಗುವಿನ ಮುಂದೆ ಒಂದು ಚಿತ್ರ ಇಡುತ್ತಾರೆ: ಇದಕ್ಕೆ ಒಂದಕ್ಕೊಂದು ಹೋಲದ ಶೀರ್ಷಿಕೆಗಳನ್ನು ಕೊಡು. ಮಾತಿನ ಗುಳ್ಳೆಗಳು ಖಾಲಿ ಇರುವ ಚಿತ್ರಕಥೆ: ಪಾತ್ರಗಳು ಏನು ಮಾತಾಡುತ್ತಿರಬಹುದು? ಗಾಲಿಕುರ್ಚಿಯಲ್ಲಿ ಬರುವವರಿಗೆ ಗ್ರಂಥಾಲಯ ದಕ್ಕುವಂತೆ ಮಾಡಲು ಏನು ಮಾಡಬಹುದು? ಒಂದು ನದಿಯ ದಂಡೆಯಲ್ಲಿ ಕಪ್ಪೆಗಳು ಕಡಿಮೆಯಾಗುತ್ತಿವೆ: ಏಕಿರಬಹುದು? ಪ್ರಶ್ನೆಗಳು ನಾಲ್ಕು ಬಗೆ: ಬರವಣಿಗೆ, ಚಿತ್ರ, ಸಾಮಾಜಿಕ ಸಮಸ್ಯೆ, ವಿಜ್ಞಾನದ ಸಮಸ್ಯೆ. ಕೆಲಸಗಳು ಮೂರು: ಬೇರೆ ಬೇರೆ ವಿಚಾರ ಹುಟ್ಟಿಸುವುದು, ಎಲ್ಲರಿಗೂ ಹೊಳೆಯದ ಒಂದು ವಿಚಾರ ಹೇಳುವುದು, ಇನ್ನೊಬ್ಬರ ವಿಚಾರ ತಗೊಂಡು ಅದನ್ನು ಉತ್ತಮಪಡಿಸುವುದು.

ಅಂಕ ಹೇಗೆ? ಇಲ್ಲಿ ಕೀ ಉತ್ತರ ಇಲ್ಲ. ‘ಬೇರೆ ಬೇರೆ’ ಎಂದು ಕೇಳಿದಲ್ಲಿ ಮಗುವಿನ ಉತ್ತರಗಳು ನಿಜವಾಗಿ ಬೇರೆಯೋ, ಒಂದನ್ನೇ ಮೂರು ಸಲ ತಿರುಗಿಸಿ ಬರೆದಿದೆಯೋ ನೋಡುತ್ತಾರೆ. ‘ಹೊಸದು’ ಎಂದು ಕೇಳಿದಲ್ಲಿ ಮೊದಲ ಪ್ರಶ್ನೆ: ಉತ್ತರ ಕೇಳಿದ್ದಕ್ಕೆ ಹೊಂದುತ್ತದೆಯೇ? ಹೊಂದದಿದ್ದರೆ ಸೊನ್ನೆ, ಎಷ್ಟೇ ವಿಚಿತ್ರವಾಗಿರಲಿ. ಹೊಂದುವುದಾದರೆ, ಸಾಮಾನ್ಯವಾಗಿ ಎಲ್ಲ ಮಕ್ಕಳೂ ಬರೆಯುವ ವಿಷಯಗಳ ಒಂದು ಪಟ್ಟಿ ಮೌಲ್ಯಮಾಪಕರ ಕೈಯಲ್ಲಿರುತ್ತದೆ. ಮುಖ್ಯ ಪರೀಕ್ಷೆಗೂ ಮುಂಚೆ ಹಲವು ದೇಶಗಳಲ್ಲಿ ನಡೆದ ಪ್ರಯೋಗ ಪರೀಕ್ಷೆಯ ಉತ್ತರಗಳಿಂದ ಅದನ್ನು ಕಟ್ಟಿರುತ್ತಾರೆ. ಆ ಪಟ್ಟಿಯ ಆಚೆಗಿನದಕ್ಕೆ ಪೂರ್ತಿ ಅಂಕ. ಪಟ್ಟಿಯೊಳಗಿನದೇ ಆದರೂ ಹೇಳಿದ ರೀತಿ ಬೇರೆಯಾಗಿದ್ದರೆ ಅದಕ್ಕೂ ಮಾನ್ಯತೆ ಉಂಟು. ವ್ಯಾಕರಣದ, ಕಾಗುಣಿತದ ತಪ್ಪಿಗೆ ಅಂಕ ಕಡಿಯುವುದಿಲ್ಲ.

ಇಲ್ಲೇ ನನ್ನ ತಕರಾರು ಶುರುವಾಗುವುದು. ಎಲ್ಲರಿಗೂ ಹೊಳೆಯದ್ದು ಎಂದರೆ ಯಾವ ಎಲ್ಲರಿಗೆ? ಉಗಾರದ ಒಬ್ಬ ಹುಡುಗ, ಬಿಸಿಲಿಗೆ ಒಣಗುವ ನೆಲವನ್ನು ಕಾಯಲು ಕಬ್ಬಿನ ರವದಿ ಹಾಸಬೇಕು ಎಂದು ಬರೆದರೆ ವಾರ್ಸಾದ ಮೌಲ್ಯಮಾಪಕನಿಗೆ ಅದು ಭಾರಿ ಹೊಸ ವಿಚಾರ. ಉಗಾರದಲ್ಲಿ ಅದು ಅಪ್ಪ ಪ್ರತಿ ವರ್ಷ ಮಾಡುವ ಕೆಲಸ. ತಿರುವುಮುರುವೂ ಆಗುತ್ತದೆ: ಮೆಟ್ರೊ ರೈಲನ್ನೇ ನೋಡದ ಹುಡುಗಿ ತಾನಾಗಿ ಯೋಚಿಸಿ ಕಂಡುಕೊಂಡದ್ದು ಜಗತ್ತಿನ ಪಟ್ಟಿಯಲ್ಲಿ ಆಗಲೇ ಹಳೆಯದಾಗಿರಬಹುದು. ಹತ್ತಾರು ದೇಶಗಳಿಗೆ ಒಂದೇ ಪಟ್ಟಿ ಹಿಡಿದರೆ ಅಳೆಯುವುದು ಅರ್ಧ ಕಲ್ಪನೆಯನ್ನು, ಅರ್ಧ ವಿಳಾಸವನ್ನು. ಬಡ ಮನೆಯ ಮಕ್ಕಳು ಈ ಪರೀಕ್ಷೆಯಲ್ಲೂ ಉಳ್ಳವರ ಮಕ್ಕಳಿಗಿಂತ ಸಾಕಷ್ಟು ಹಿಂದೆ ಬಿದ್ದಿದ್ದಾರೆ. ಹಾಗಾಗಿ ನಮ್ಮ ಮಕ್ಕಳನ್ನು ಆ ಪಟ್ಟಿಯ ಮುಂದೆ ನಿಲ್ಲಿಸಲೇಬೇಕೆಂಬ ಅವಸರ ನನಗಿಲ್ಲ.

ಆದರೆ ಅದೇ ಪಟ್ಟಿಯನ್ನು ನೀವು ನಿಮ್ಮ ತರಗತಿಯಲ್ಲೇ ಕಟ್ಟಿದರೆ? ಆಗ ಈ ತಕರಾರು ಉಳಿಯುವುದಿಲ್ಲ. ನಿಮ್ಮ ಮುಂದಿರುವ ನಲವತ್ತು ಮಕ್ಕಳು ಕುಡಿಯುವುದು ಒಂದೇ ನದಿಯ ನೀರು.

ಒಂದು ಉದಾಹರಣೆ ಪೂರ್ತಿ ಮಾಡಿ ನೋಡೋಣ. ಕೃಷ್ಣೆಯ ದಂಡೆಯ ಮಕ್ಕಳಿಗೆ ಮಳೆಗಾಲವೆಂದರೆ ಅಂಕಿಗಳ ಕಾಲ. ಕೊಯ್ನಾ ಎಷ್ಟು ತುಂಬಿತು, ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್ ಬಿಟ್ಟರು, ದೂಧಗಂಗೆ ಎಷ್ಟು ತಂದಳು, ಎರಡೂ ಕೂಡಿ ಕಲ್ಲೋಳ ಹತ್ತಿರ ಎಷ್ಟಾಯಿತು. ಚಹಾದ ಅಂಗಡಿಯಲ್ಲಿ ದಿನವೂ ಇದೇ ಮಾತು. ಕಲ್ಲೋಳ–ಯಡೂರು, ಮಲಿಕವಾಡ–ದತ್ತವಾಡ, ಕಾರದಗಾ–ಭೋಜ ಸೇತುವೆಗಳು ಮುಳುಗಿದ ಸುದ್ದಿ ವರ್ಷ ಬಿಟ್ಟು ವರ್ಷ ಬರುತ್ತಲೇ ಇರುತ್ತದೆ. 2019ರ ಆಗಸ್ಟ್‌ನಲ್ಲಿ ಶಾಲೆಗಳೇ ಕಾಳಜಿ ಕೇಂದ್ರಗಳಾದದ್ದನ್ನು ನೀವೂ ಕಂಡಿದ್ದೀರಿ. ಈಗ ಪ್ರಶ್ನೆ ಹೀಗಿರಲಿ:

‘ಕಲ್ಲೋಳ–ಯಡೂರು ಸೇತುವೆ ಮುಳುಗಿದೆ. ಆಚೆ ದಂಡೆಯ ನಿಮ್ಮ ಗೆಳೆಯರು ಎಂಟು ದಿನ ಶಾಲೆಗೆ ಬರಲಾರರು. ಅವರ ಓದು ನಿಲ್ಲದ ಹಾಗೆ ಮಾಡಲು ಒಂದಕ್ಕೊಂದು ಹೋಲದ ಮೂರು ದಾರಿ ಬರೆಯಿರಿ.’

ನಲವತ್ತು ಉತ್ತರ ಪತ್ರಿಕೆ ತಗೊಂಡು ಒಂದು ಸಂಜೆ ಕೂಡ್ರಿ. ಅಂಕ ಹಾಕುವ ಮೊದಲು ಬರೀ ಓದಿ, ಹೋಲುವ ಉತ್ತರಗಳನ್ನು ಒಂದೊಂದು ಗುಡ್ಡೆ ಮಾಡಿ. ‘ಸೇತುವೆ ಎತ್ತರಿಸಬೇಕು’ ಎಂಬ ಗುಡ್ಡೆ ದೊಡ್ಡದಾಗಬಹುದು. ‘ದೋಣಿ ಬಿಡಬೇಕು’ ಎನ್ನುವುದು ಇನ್ನೊಂದು. ‘ಮೊಬೈಲಿನಲ್ಲಿ ಪಾಠ ಕಳಿಸಬೇಕು’ ಎನ್ನುವುದು ಕೊರೊನಾ ಕಲಿಸಿದ ಮೂರನೆಯ ಗುಡ್ಡೆ. ಇವೆಲ್ಲ ಸರಿಯಾದ ಉತ್ತರಗಳೇ. ದೋಣಿ, ಬೋಟು, ತೆಪ್ಪ ಎಂದು ಮೂರು ಬರೆದವನ ದಾರಿ ಮಾತ್ರ ಒಂದೇ. ಅದನ್ನು ಅವನಿಗೆ ಹೇಳಿ. ಒಬ್ಬಳು ‘ಆ ಎಂಟು ದಿನ ಅವರು ಆಚೆ ದಂಡೆಯ ಶಾಲೆಯಲ್ಲೇ ಕೂಡ್ರಲಿ, ಹಾಜರಿ ಇಲ್ಲಿ ಹಿಡೀರಿ’ ಎಂದು ಬರೆಯಬಹುದು. ಇನ್ನೊಬ್ಬ ‘ದೀಪಾವಳಿ ಸೂಟಿ ಎಂಟು ದಿನ ಕಡಿದು ಮಳೆಗಾಲಕ್ಕೆ ಕೊಡ್ರಿ’ ಎನ್ನಬಹುದು. ಇದು ನದಿಯನ್ನು ಬಿಟ್ಟು ಶಾಲೆಯ ಕ್ಯಾಲೆಂಡರನ್ನೇ ಪ್ರಶ್ನಿಸಿದ ಉತ್ತರ. ಯಾವ ಗುಡ್ಡೆಗೂ ಸೇರದೆ ಪ್ರಶ್ನೆಗೆ ಸರಿಯಾಗಿ ಹೊಂದುವ ಇಂಥ ಹಾಳೆಗಳಿಗೆ ಪೂರ್ತಿ ಅಂಕ. ‘ಹನುಮಂತ ಎತ್ತಿಕೊಂಡು ಬರಲಿ’ ಎಂದವನಿಗೆ ನಕ್ಕು ಸೊನ್ನೆ. ಚಿತ್ರಕಥೆ ಬರೆಯುವಾಗ ಅವನ ಸರದಿ ಬರುತ್ತದೆ.

ಮರುವಾರ ಎರಡನೆಯ ಹಂತ. ಗುಡ್ಡೆಯೊಂದರ ಉತ್ತರವನ್ನೇ ಹಲಗೆಯ ಮೇಲೆ ಬರೆಯಿರಿ: ‘ದೋಣಿ ಬಿಡಬೇಕು.’ ದೋಣಿಯನ್ನು ಉಳಿಸಿಕೊಂಡೇ ಇದನ್ನು ಉತ್ತಮಪಡಿಸಿ ಎನ್ನಿ. ಸುಳಿಯಿರುವ ನೀರಲ್ಲಿ ಮಕ್ಕಳನ್ನು ಕೂಡಿಸುವ ಬದಲು ದೋಣಿಯಲ್ಲಿ ಮಾಸ್ತರೊಬ್ಬರೇ ಬರಲಿ ಎಂದು ಯಾರಾದರೂ ಹೇಳುತ್ತಾರೋ ನೋಡಿ. ಹೇಳಿದರೆ ಮುಂದಿನ ಮಳೆಗಾಲಕ್ಕೆ ತಯಾರಾಗಬೇಕಾದವರು ನೀವು.

ಇಂಥ ಪ್ರಶ್ನೆಗಳಿಗೆ ಈ ಐದು ತಾಲೂಕುಗಳಲ್ಲಿ ಬರವಿಲ್ಲ. ನಿಪ್ಪಾಣಿಯ ಎಷ್ಟೋ ಮಕ್ಕಳ ಅವ್ವಂದಿರು ದಿನವಿಡೀ ಬಗ್ಗಿ ಕೂತು ಬೀಡಿ ಕಟ್ಟುತ್ತಾರೆ, ಸಾವಿರದ ಲೆಕ್ಕದಲ್ಲಿ ಕೂಲಿ. ಅವರ ಬೆನ್ನುನೋವು ಕಡಿಮೆ ಮಾಡುವ, ಖರ್ಚಿಲ್ಲದ ಮೂರು ಉಪಾಯ ಯಾವುವು? ಪಂಚಗಂಗೆಯಲ್ಲಿ ಮೀನು ಸತ್ತು ತೇಲುವ ಸುದ್ದಿ ನಿಮ್ಮ ಕಡೆಗೆ ಹೊಸದಲ್ಲ. ಕಾರಣ ಏನಿರಬಹುದು, ಅದನ್ನು ಪರೀಕ್ಷಿಸುವುದು ಹೇಗೆ? ಇದು ಪೀಸಾದ ಕಪ್ಪೆಯ ಪ್ರಶ್ನೆಗೆ ಒಂದು ಹೆಜ್ಜೆಯೂ ಕಡಿಮೆಯಿಲ್ಲ. ಗಣಿತದ ಗುರುಗಳು ಇದು ಭಾಷೆಯವರ ಕೆಲಸ ಎಂದು ಕೈತೊಳೆದುಕೊಳ್ಳಬಾರದು: ‘ಉತ್ತರ 24 ಗುಂಟೆ. ಪ್ರಶ್ನೆ ನೀನು ಬರೆ, ಮೂರು ಬೇರೆ ಬೇರೆ’ ಎಂದು ಕೇಳಿ. ಯಾರಿಗೆ ಕ್ಷೇತ್ರಫಲ ತಿಳಿದಿದೆ, ಯಾರು ಸೂತ್ರ ಉರು ಹೊಡೆದಿದ್ದಾರೆ ಎಂಬುದು ಹತ್ತು ನಿಮಿಷದಲ್ಲಿ ಬಯಲಾಗುತ್ತದೆ.

ಅಥಣಿಯ ಗುರುಗಳಿಗೆ ಬೇರೆಯೇ ಒಂದು ಮಾತು. ನಿಮ್ಮೂರಿನ, ಮದಭಾವಿಯ ಚಪ್ಪಲಿ ‘ಕೊಲ್ಹಾಪುರಿ’ ಎಂಬ ಹೆಸರಲ್ಲಿ ಜಗತ್ತು ತಿರುಗಿದೆ. 2019ರಲ್ಲಿ ಬಂದ ಭೌಗೋಳಿಕ ಮಾನ್ಯತೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಇವೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾದಾ ಕಂಪನಿ ಮಿಲಾನ್‌ನ ಪ್ರದರ್ಶನದಲ್ಲಿ ಅದೇ ನಮೂನೆಯ ಚಪ್ಪಲಿ ತೋರಿಸಿತು. ಮೊದಲು ಮೂಲದ ಹೆಸರು ಹೇಳಲಿಲ್ಲ. ಗದ್ದಲವಾದ ಮೇಲೆ ಪ್ರೇರಣೆ ಭಾರತದ ಕುಶಲಕರ್ಮಿಗಳದು ಎಂದು ಒಪ್ಪಿಕೊಂಡಿತು. ಮೊಳೆ ಹೊಡೆಯದೆ ಚರ್ಮದ ದಾರದಲ್ಲೇ ಹೊಲಿದು ನಿಲ್ಲಿಸುವ ಆ ಕೆಲಸದ ಮನೆಗಳ ಮಕ್ಕಳು ನಿಮ್ಮ ತರಗತಿಯಲ್ಲಿ ಎಲ್ಲಿ ಕೂತಿದ್ದಾರೆ? ‘ಸೃಜನಶೀಲ’ ಎಂದು ಅವರ ಪ್ರಗತಿ ಪತ್ರದಲ್ಲಿ ಯಾರಾದರೂ ಬರೆದಿದ್ದಾರೆಯೇ? ಇದಕ್ಕೆ ಉತ್ತರ ನನಗೆ ಬರೆದು ಕಳಿಸಬೇಕಾಗಿಲ್ಲ.

ನಮ್ಮ ಶಾಲೆಗಳಲ್ಲಿ ಸೃಜನಶೀಲತೆ ಎಂದ ಕೂಡಲೇ ಪ್ರತಿಭಾ ಕಾರಂಜಿ ನೆನಪಾಗುತ್ತದೆ. ಛದ್ಮವೇಷ, ಮಿಮಿಕ್ರಿ, ರಂಗೋಲಿ, ಮಣ್ಣಿನ ಮಾದರಿ, ಆಶುಭಾಷಣ. ಒಳ್ಳೆಯ ಕಾರ್ಯಕ್ರಮ. ಆದರೆ ವೇದಿಕೆ ಹತ್ತುವವರು ಪ್ರತಿ ಶಾಲೆಯಿಂದ ಬೆರಳೆಣಿಕೆಯ ಮಕ್ಕಳು, ಬಹಳ ಸಲ ವರ್ಷ ವರ್ಷ ಅವರೇ. ಉಳಿದವರದು ಚಪ್ಪಾಳೆಯ ಕೆಲಸ. ಪೀಸಾದಲ್ಲಿ ನಾನು ಮೆಚ್ಚಿದ್ದು ಇದನ್ನೇ: ಅಲ್ಲಿ ವೇದಿಕೆ ಇಲ್ಲ. ಮಾತಾಡಲು ನಾಚುವ ಮಗುವೂ ಕೂತು ಬರೆಯುತ್ತದೆ. ಹಾಗೆ ಬರೆಸಿದಾಗ ಹುಡುಗರು ಹುಡುಗಿಯರಿಗಿಂತ ಮುಂದಿದ್ದ ದೇಶ ಒಂದೂ ಸಿಗಲಿಲ್ಲ. ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂಡ್ರುವ, ಹತ್ತನೆಯ ತರಗತಿ ಮುಗಿದ ಕೂಡಲೇ ಮದುವೆಯ ಮಾತು ಶುರುವಾಗುವ ಹುಡುಗಿಯರನ್ನು ನೆನೆದು ಈ ಸಂಗತಿಯನ್ನು ಮತ್ತೊಮ್ಮೆ ಓದಿ.

ಭಾಷೆಯ ಬಗ್ಗೆಯೂ ಒಂದಿಷ್ಟು ಹೇಳಬೇಕು. ಮನೆಯಲ್ಲಿ ಒಂದು, ಸಂತೆಯಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು: ಹೀಗೆ ಕನ್ನಡ, ಮರಾಠಿ, ಉರ್ದುಗಳ ನಡುವೆ ಓಡಾಡಿಕೊಂಡು ಬೆಳೆಯುವ ಮಕ್ಕಳು ನಿಮ್ಮವರು. ಈ ಬಗೆಯ ಪ್ರಶ್ನೆಗೆ ಅವರು ಮನೆಯ ಮಾತಿನಲ್ಲಿ, ಬೆರಕೆ ಮಾತಿನಲ್ಲಿ ಬರೆದರೆ ಕೆಂಪು ಶಾಯಿ ಎತ್ತಬೇಡಿ; ಶುದ್ಧ ಬರವಣಿಗೆ ಕಲಿಸಲು ಬೇರೆ ಪ್ರಶ್ನೆಗಳಿವೆ. ಶೇಡಬಾಳದಲ್ಲಿ 1918ರಲ್ಲಿ ಹುಟ್ಟಿದ ಮಿರ್ಜಿ ಅಣ್ಣಾರಾಯರು ಶಾಲಾ ಮಾಸ್ತರಾಗಿದ್ದವರು. ಇದೇ ಗಡಿ ಸೀಮೆಯ ಜೈನ ಒಕ್ಕಲು ಮನೆಗಳ ಬದುಕನ್ನು ಇಲ್ಲಿಯ ಆಡುನುಡಿಯೊಂದಿಗೇ ‘ನಿಸರ್ಗ’ ಕಾದಂಬರಿಗೆ ತಂದರು. ಅವರ ಮಾತಿಗೂ ಯಾರೋ ಕೆಂಪು ಗೆರೆ ಎಳೆದು ಕೂಡ್ರಿಸಿದ್ದರೆ ಕನ್ನಡಕ್ಕೆ ನಷ್ಟವಾಗುತ್ತಿತ್ತು. ಮರಾಠಿ, ಉರ್ದು ಮಾಧ್ಯಮದ ಗುರುಗಳಿಗೂ ಈ ಪತ್ರ ಅಷ್ಟೇ ಸಲ್ಲುತ್ತದೆ. ನದಿ ಮುಳುಗಿಸುವಾಗ ಮಾಧ್ಯಮ ಕೇಳುವುದಿಲ್ಲ.

ನೀವು ಏನು ಹೇಳುತ್ತೀರಿ ಎಂದು ಊಹಿಸಬಲ್ಲೆ. ವೇಳೆ ಎಲ್ಲಿದೆ? ಖಾಲಿ ಹುದ್ದೆಗಳು, ಅತಿಥಿ ಶಿಕ್ಷಕರ ಆಸರೆ, 2025ರ ದಸರೆಯ ಸೂಟಿಯಲ್ಲೂ ಮನೆ ಮನೆ ತಿರುಗಿ ಸಮೀಕ್ಷೆ, ಅದರ ಮೇಲೆ ಪಾಸಿಂಗ್ ಪ್ಯಾಕೇಜ್, ವಿಶೇಷ ತರಗತಿ, ರಾತ್ರಿ ಓದು. ನಿಜ. ಅದಕ್ಕೇ ಹೊಸದೊಂದು ಪರೀಕ್ಷೆ ಬೇಡುತ್ತಿಲ್ಲ. ನಾಲ್ಕು ರೂಪಣಾತ್ಮಕ ಪರೀಕ್ಷೆಗಳು ಹೇಗೂ ಇವೆ, ಅದರೊಳಗಿನ ಚಟುವಟಿಕೆಯ ಅಂಕವೂ ಇದೆ. ಫೈಲು ತುಂಬಿಸಲು ಈಗ ಹೋಗುವ ವೇಳೆಯನ್ನೇ ಇದಕ್ಕೆ ಕೊಡಿ ಎಂಬುದಷ್ಟೇ ಮಾತು.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಓದಲೇ ಬಾರದ ಮಗು ಏನು ಯೋಚಿಸಿ ಬರೆದೀತು? 2022ರ ಫಲಿತಾಂಶ ಇಲ್ಲಿ ನಿಮ್ಮ ಪಕ್ಷದಲ್ಲೇ ಇದೆ. ಸೃಜನಶೀಲ ಚಿಂತನೆಯಲ್ಲಿ ಮಿಂಚಿದ ಮಕ್ಕಳೆಲ್ಲ ಗಣಿತದ ಹುಲಿಗಳೇನಲ್ಲ, ಆದರೆ ಗಣಿತದ ತಳಪಾಯವೇ ಇಲ್ಲದ ಮಕ್ಕಳು ಅದರಲ್ಲಿ ಮೇಲೆ ಬಂದದ್ದು ತೀರ ಅಪರೂಪ. ಮಗ್ಗಿ, ಓದು, ಬರಹ ಬಿಟ್ಟು ಕಲ್ಪನೆ ಬೆಳೆಸಿ ಎನ್ನುವವರ ಮಾತು ಕೇಳಬೇಡಿ. ಬರೆಯಲು ತಡವರಿಸುವ ಮಗುವಿಗೆ ಬಾಯಿಂದ ಹೇಳಿಸಿ, ಪಕ್ಕದವರಿಂದ ಬರೆಸಿ. ಪೀಸಾಕ್ಕೆ ಆ ಸ್ವಾತಂತ್ರ್ಯ ಇಲ್ಲ, ನಿಮಗಿದೆ.

ನನ್ನ ನಿಜವಾದ ಭಯ ಬೇರೆ. ಇದು ಮೇಲಿನವರಿಗೆ ಹಿಡಿಸಿದರೆ ಒಂದು ಸುತ್ತೋಲೆ ಬರುತ್ತದೆ. ಸುತ್ತೋಲೆಯ ಹಿಂದೆ ನಮೂನೆ, ನಮೂನೆಯ ಹಿಂದೆ ಆನ್‌ಲೈನ್ ನಮೂದು, ಕೊನೆಗೆ ‘ಸೃಜನಶೀಲತೆಯಲ್ಲಿ ನಿಮ್ಮ ತಾಲೂಕು ಎಷ್ಟನೇದು?’ ಮರುವರ್ಷವೇ ಅಂಗಡಿಯಲ್ಲಿ ‘ಸೇತುವೆ ಮುಳುಗಿದಾಗ: ನೂರು ಹೊಸ ಉತ್ತರಗಳು’ ಎಂಬ ಗೈಡು ತೂಗಾಡುತ್ತದೆ. ಎಲ್ಲ ಮಕ್ಕಳೂ ದೀಪಾವಳಿ ಸೂಟಿ ಕಡಿಯಿರಿ ಎಂದು ಬರೆದರೆ ಅದೇ ದೊಡ್ಡ ಗುಡ್ಡೆ! ಡಿಡಿಪಿಐ ಸಾಹೇಬರು, ಬಿಇಓ ಸಾಹೇಬರು ಈ ಪತ್ರ ಓದುತ್ತಿದ್ದರೆ ಒಂದೇ ವಿನಂತಿ: ಇದನ್ನು ಶಿಕ್ಷಕರ ಪಾಲಿಗೆ ಬಿಡಿ, ಅಂಕಿ ಅಂಶ ತರಿಸಿಕೊಳ್ಳಬೇಡಿ, ಶಾಲೆಗಳನ್ನು ಸಾಲಾಗಿ ನಿಲ್ಲಿಸಬೇಡಿ.

ಗುರುಗಳೇ, ಬರುವ ರೂಪಣಾತ್ಮಕ ಪರೀಕ್ಷೆಗೆ ನಿಮ್ಮ ವಿಷಯದಲ್ಲಿ ಇಂಥದ್ದೊಂದೇ ಪ್ರಶ್ನೆ ಬರೆಯಿರಿ, ನಿಮ್ಮ ಊರಿನದೇ ಇರಲಿ. ಚಟುವಟಿಕೆಯ ಅಂಕಕ್ಕೆ ಅದನ್ನೇ ಲೆಕ್ಕ ಹಿಡಿಯಿರಿ, ಗುಡ್ಡೆ ಮಾಡಿ ಅಂಕ ಕೊಡಿ. ಕೆಲವರಿಗೆ ಮೂರು, ಕೆಲವರಿಗೆ ಎಂಟು ಬಂದರೂ ಅಂಜಬೇಡಿ, ಇನ್ನೂ ಮೂರು ಅವಕಾಶಗಳಿವೆ. ಯಾವ ಗುಡ್ಡೆಗೂ ಸೇರದ ಉತ್ತರಗಳನ್ನು ವಿಷಯ ಶಿಕ್ಷಕರ ಮುಂದಿನ ಸಭೆಗೆ ತಗೊಂಡು ಬಂದು ಓದಿ ಹೇಳಿ. ಮಕ್ಕಳ ಹೆಸರು ಹೇಳಬೇಕಾಗಿಲ್ಲ, ಉತ್ತರ ಸಾಕು.

ಇಂತಿ ನಿಮ್ಮ ವಿಶ್ವಾಸಿ,
ಗಡಿಯ ಒಬ್ಬ ಬರಹಗಾರ